ಮಧ್ಯಾಹ್ನದ ಬಿಸಿಲಿನ ಆದೇಶ ಕೂಲಿಕಾರರಿಗೂ ಬೇಕು: ಮುಖ್ಯಮಂತ್ರಿಯವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮುಖ್ಯಮಂತ್ರಿಗಳು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಪ್ರತಿ: ಆರೋಗ್ಯ, ಕಾರ್ಮಿಕ ಮತ್ತು ಕಂದಾಯ ಇಲಾಖೆಗಳ ಮಾನ್ಯ ಸಚಿವರಿಗೆ.

ವಿಷಯ: ಬೇಸಿಗೆಯ ಝಳದಿಂದ ದುಡಿಯುವ ಜನರ ಜೀವ ಉಳಿಸುವ ಬಗ್ಗೆ.

ಮಾನ್ಯರೇ,

ನಾನು ಕಲ್ಯಾಣ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಯಾವ ಪಕ್ಷದವಳೂ ಅಲ್ಲ, ಯಾವ ಸಂಘದ ಪದಾಧಿಕಾರಿಯೂ ಅಲ್ಲ. ಕಣ್ಣಾರೆ ಕಂಡದ್ದನ್ನು ತಮ್ಮ ಮುಂದೆ ಇಡಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಬೇಸಿಗೆ ಬಂತೆಂದರೆ ಸರ್ಕಾರದಿಂದ ಒಂದು ಆದೇಶ ಬರುತ್ತದೆ. ಕಲಬುರಗಿ ವಿಭಾಗದ ಏಳು ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಯಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳು ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. 2025ರಲ್ಲೂ ಹೀಗೇ ಆಯಿತು. ಇದು ಒಳ್ಳೆಯ ಆದೇಶ. ಇದನ್ನು ತೆಗೆಯಿರಿ ಅಂತ ನಾನು ಕೇಳುತ್ತಿಲ್ಲ. ಆದರೆ ಈ ಆದೇಶದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ನಮ್ಮ ಕಡೆಯ ಮಧ್ಯಾಹ್ನದ ಬಿಸಿಲಲ್ಲಿ ಮನುಷ್ಯರಿಂದ ಕೆಲಸ ತೆಗೆಯಬಾರದು ಅಂತ ಸರ್ಕಾರವೇ ಒಪ್ಪಿಕೊಂಡಿದೆ. ಗೋಡೆ, ಛಾವಣಿ, ಫ್ಯಾನು ಇರುವ ಕೋಣೆಯಲ್ಲಿ ಕೂತವರ ವಿಷಯದಲ್ಲೇ ಒಪ್ಪಿಕೊಂಡಿದೆ. ಹಾಗಾದರೆ ಅದೇ ಕಚೇರಿಯ ಮುಂದೆ ರಸ್ತೆಗೆ ಡಾಂಬರು ಹಾಕುವವರ ಗತಿ ಏನು? ಎಪಿಎಂಸಿಯಲ್ಲಿ ತೊಗರಿ ಮೂಟೆ ಹೊರುವ ಹಮಾಲರು, ಇಟ್ಟಿಗೆ ಭಟ್ಟಿಯವರು, ಫರಸಿ ಕಲ್ಲಿನ ಗಣಿಯವರು, ಕಟ್ಟಡದ ಮೇಲೆ ಸೆಂಟ್ರಿಂಗ್ ಕಟ್ಟುವವರು ಈ ಆದೇಶದಲ್ಲಿ ಎಲ್ಲಿದ್ದಾರೆ? ಇವರಿಗೆ ಸಿಗುವುದು ಸಲಹೆ ಮಾತ್ರ: ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಬರಬೇಡಿ, ನೀರು ಜಾಸ್ತಿ ಕುಡಿಯಿರಿ, ತೆಳುವಾದ ಹತ್ತಿ ಬಟ್ಟೆ ಹಾಕಿಕೊಳ್ಳಿ. ಆ ಸಲಹೆಯ ಕರಪತ್ರವನ್ನು ನಾನೇ ಎಷ್ಟೋ ಸಲ ಹಂಚಿದ್ದೇನೆ. ಹಂಚುವಾಗ ಒಬ್ಬ ಹೆಣ್ಣುಮಗಳು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಬಿಸಿಲದ ಅಂತ ಮನ್ಯಾಗ ಕುಂತ್ರ ಕೂಲಿ ಯಾರು ಕೊಡ್ತಾರ್ರೀ ಸಿಸ್ಟರ್?"

ನನ್ನ ಹತ್ತಿರ ಆಗಲೂ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಉತ್ತರ ಕೊಡುವ ಅಧಿಕಾರ ಇರುವುದು ತಮಗೆ.

ಬಿಸಿಲಿಗೆ ಮನುಷ್ಯ ಹೇಗೆ ಸಾಯುತ್ತಾನೆ ಅನ್ನುವುದನ್ನು ಬಹಳ ಜನ ನೋಡಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಮೇ ತಿಂಗಳು ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ ಒಬ್ಬರನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದರು. ಗಟ್ಟಿಮುಟ್ಟಾದ ಆಳು, ಮೂವತ್ತರ ಆಸುಪಾಸು ವಯಸ್ಸು. ಬೆಳಿಗ್ಗೆಯಿಂದ ಕೆಲಸ ಮಾಡಿದ್ದರು. ಮಧ್ಯಾಹ್ನದ ಹೊತ್ತಿಗೆ ಮಾತು ತೊದಲತೊಡಗಿತು, ಹೆಜ್ಜೆ ತಪ್ಪತೊಡಗಿತು. ಕುಡಿದಿರಬೇಕು ಅಂತ ಜೊತೆಯವರು ನೆರಳಲ್ಲಿ ಮಲಗಿಸಿ ಕೆಲಸಕ್ಕೆ ಹೋದರು. ವಾಪಸ್ ಬಂದು ನೋಡಿದಾಗ ಪ್ರಜ್ಞೆ ಇರಲಿಲ್ಲ. ನಮ್ಮ ಹತ್ತಿರ ತಂದಾಗ ಮೈ ಒಲೆ ಮೇಲಿನ ಹಂಚಿನ ಹಾಗೆ ಕಾದಿತ್ತು. ಥರ್ಮಾಮೀಟರಿನ ಪಾದರಸ 42ರ ಕೊನೆಯ ಗೆರೆಗೆ ಹೋಗಿ ನಿಂತಿತು. ಅದರ ಮೇಲೆ ಎಷ್ಟಿತ್ತೋ, ಅಳೆಯುವ ಸಾಧನ ನಮ್ಮಲ್ಲಿ ಇರಲಿಲ್ಲ. ಆಸ್ಪತ್ರೆಯಲ್ಲಿ ಐಸ್ ಕೂಡ ಇರಲಿಲ್ಲ. ಲಸಿಕೆ ಒಯ್ಯುವ ಡಬ್ಬಿಯ ಐಸ್ ಪ್ಯಾಕ್‌ಗಳನ್ನೇ ತಂದು ಕತ್ತು, ಕಂಕುಳು, ತೊಡೆಸಂದಿಗೆ ಇಟ್ಟೆವು. ಒದ್ದೆ ಬಟ್ಟೆ ಹೊದಿಸಿ, ಕರೆಂಟ್ ಇಲ್ಲದ್ದಕ್ಕೆ ರಟ್ಟಿನಿಂದ ಗಾಳಿ ಬೀಸಿದೆವು. ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ದಾರಿಯಲ್ಲೇ ತೀರಿಕೊಂಡರು. ಕಾಗದದ ಮೇಲೆ ಸಾವಿನ ಕಾರಣ ಹೃದಯಾಘಾತ ಅಂತಾಯಿತು.

ಯಾರೂ ಬೇಕೆಂದು ಸುಳ್ಳು ಬರೆಯಲಿಲ್ಲ. ಕೊನೆಗೆ ನಿಂತದ್ದು ಹೃದಯವೇ. ಆದರೆ ಅದನ್ನು ನಿಲ್ಲಿಸಿದ್ದು ಬಿಸಿಲು. ಆ ವರ್ಷದ ಯಾವ ಲೆಕ್ಕದಲ್ಲೂ ಈ ಸಾವು ಬಿಸಿಲಿನ ಸಾವಾಗಿ ಸೇರಿಲ್ಲ.

ನಮ್ಮ ದೇಹದ ಒಳಗಿನ ಬಿಸಿ 37 ಡಿಗ್ರಿ ಆಸುಪಾಸಿನಲ್ಲೇ ಇರಬೇಕು. ಹೊರಗಿನ ಗಾಳಿ ಅದಕ್ಕಿಂತ ಜಾಸ್ತಿ ಕಾದಾಗ ದೇಹಕ್ಕೆ ಉಳಿಯುವ ದಾರಿ ಒಂದೇ, ಬೆವರು. ಬೆವರು ಆರಿದಾಗ ಮೈ ತಣ್ಣಗಾಗುತ್ತದೆ. ಅದಕ್ಕೆ ನೀರು ಬೇಕು, ಉಪ್ಪು ಬೇಕು, ಚರ್ಮಕ್ಕೆ ರಕ್ತ ತಳ್ಳಲು ಹೃದಯ ಎಂದಿಗಿಂತ ಹೆಚ್ಚು ದುಡಿಯಬೇಕು. ಅದೇ ಹೊತ್ತಿಗೆ ಭಾರ ಎತ್ತುವ ತೋಳು, ಕಾಲುಗಳೂ ರಕ್ತ ಕೇಳುತ್ತವೆ. ನೀರು ಕಡಿಮೆಯಾದರೆ ಮೂತ್ರಪಿಂಡ ಮೊದಲು ಸೊರಗುತ್ತದೆ. ಒಳಗಿನ ಬಿಸಿ 40 ದಾಟಿ ಮಿದುಳು ಮಂಕಾಯಿತು ಅಂದರೆ ಅದು ಹೀಟ್ ಸ್ಟ್ರೋಕ್. ಪ್ಯಾರಾಸಿಟಮಾಲ್‌ನಿಂದ ಅದು ಇಳಿಯುವುದಿಲ್ಲ. ಅರ್ಧ ಗಂಟೆಯ ಒಳಗೆ ಮೈಯನ್ನು ತಣ್ಣೀರಲ್ಲಿ, ಐಸಿನಲ್ಲಿ ತಂಪು ಮಾಡಿದರೆ ಬಹಳಷ್ಟು ಜನ ಉಳಿಯುತ್ತಾರೆ. ತಡವಾದಷ್ಟೂ ಮಿದುಳು, ಯಕೃತ್ತು, ಮೂತ್ರಪಿಂಡ ಒಂದೊಂದಾಗಿ ಕೈಬಿಡುತ್ತವೆ. ಅಂದರೆ ಈ ಸಾವುಗಳಲ್ಲಿ ಬಹುಪಾಲು ತಪ್ಪಿಸಬಹುದಾದ ಸಾವುಗಳು. ನನಗೆ ತಡೆದುಕೊಳ್ಳಲಾಗದ ಸಂಗತಿ ಇದೇ.

ಕೆಲವರು ಹೇಳುತ್ತಾರೆ, ಇದು ಬಿಸಿಲ ನಾಡು, ಇಲ್ಲಿನವರಿಗೆ ಬಿಸಿಲು ರೂಢಿ ಅಂತ. ನಮ್ಮ ಹಿರಿಯರಿಗೆ ಬಿಸಿಲು ಗೊತ್ತಿತ್ತು, ನಿಜ. ಅದಕ್ಕೇ ಅವರು ನಸುಕಿನಲ್ಲಿ ಹೊಲಕ್ಕೆ ಹೋಗಿ ಬಿಸಿಲೇರುವ ಮೊದಲು ಬೇವಿನ ಮರದ ಕೆಳಗೆ ಬಂದುಬಿಡುತ್ತಿದ್ದರು. ದಪ್ಪ ಮಣ್ಣಿನ ಗೋಡೆಯ ಮನೆ ಕಟ್ಟುತ್ತಿದ್ದರು. ಊರ ಬಾಯಲ್ಲಿ ಅರವಟ್ಟಿಗೆ ಇಡುತ್ತಿದ್ದರು. ಅಂಬಲಿ, ಮಜ್ಜಿಗೆ ಕುಡಿಯುತ್ತಿದ್ದರು. ಇಂದಿನ ಕೂಲಿಕಾರರ ಸಮಯ ಅವರ ಕೈಯಲ್ಲಿಲ್ಲ, ಗುತ್ತಿಗೆದಾರನ ಕೈಯಲ್ಲಿದೆ. ಬೇವಿನ ಮರಗಳು ರಸ್ತೆ ಅಗಲ ಮಾಡುವಾಗ ಹೋದವು. ಮಣ್ಣಿನ ಗೋಡೆ ಹೋಗಿ ಪತ್ರಾಸ್, ಅಂದರೆ ತಗಡಿನ ಶೆಡ್ ಬಂದಿದೆ.

ಬಿಸಿಲು ಕೂಡ ಮೊದಲಿನದಲ್ಲ. 1901ರಿಂದ ಇಟ್ಟ ಲೆಕ್ಕದಲ್ಲಿ ಭಾರತದ ಅತಿ ಬಿಸಿ ವರ್ಷ 2024 ಅಂತ ಹವಾಮಾನ ಇಲಾಖೆಯೇ ಹೇಳಿದೆ. ಇಡೀ ಜಗತ್ತಿಗೂ ಅದೇ ಅತಿ ಬಿಸಿ ವರ್ಷ. 2022ರ ಮಾರ್ಚ್, ಏಪ್ರಿಲ್‌ನಲ್ಲಿ ಭಾರತ ಮತ್ತು ಪಾಕಿಸ್ತಾನವನ್ನು ಸುಟ್ಟ ಬಿಸಿಗಾಳಿಯಂಥದ್ದು ಬರುವ ಸಾಧ್ಯತೆ ಹವಾಮಾನ ಬದಲಾವಣೆಯಿಂದ ಸುಮಾರು 30 ಪಟ್ಟು ಹೆಚ್ಚಿದೆ ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ತಂಪಿನ ಊರು ಅನ್ನಿಸಿಕೊಂಡ ಬೆಂಗಳೂರಲ್ಲೇ 2024ರ ಏಪ್ರಿಲ್ 28ರಂದು 38.5 ಡಿಗ್ರಿ ಆಗಿತ್ತು. ಕಲ್ಲಿದ್ದಲು, ಪೆಟ್ರೋಲು ಸುಟ್ಟು ಇದನ್ನು ತಂದವರಲ್ಲಿ ನಮ್ಮ ಗಣಿಯ ಕೂಲಿ, ನಮ್ಮ ಹಮಾಲ ಇಲ್ಲ. ಅವರ ಮನೆಯಲ್ಲಿ ಇರುವುದೇ ಒಂದು ಫ್ಯಾನು, ಒಂದು ಬಲ್ಬು.

ಕರಾವಳಿಯ ಕಥೆ ಬೇರೆ, ಆದರೆ ಹಗುರ ಅಲ್ಲ. ಅಲ್ಲಿ ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ. 35 ಡಿಗ್ರಿ ಬಿಸಿ, ಶೇ 70ರ ತೇವ ಸೇರಿದರೆ ಮೈಗೆ ಸುಮಾರು 50 ಡಿಗ್ರಿ ಇದ್ದಷ್ಟು ಧಗೆ ತಟ್ಟುತ್ತದೆ. ಕರಾವಳಿಯಲ್ಲಿ 37 ಡಿಗ್ರಿ ಮುಟ್ಟುವವರೆಗೆ ಹವಾಮಾನ ಇಲಾಖೆಯ ಬಿಸಿಗಾಳಿಯ ಲೆಕ್ಕವೇ ಶುರುವಾಗುವುದಿಲ್ಲ. ಮಂಗಳೂರು, ಕಾರವಾರದ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವರು ಈ ಲೆಕ್ಕದ ಹೊರಗೇ ಉಳಿಯುತ್ತಾರೆ.

ಮನೆಯ ಒಳಗಿನ ಬಿಸಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಹಗಲಿಡೀ ಬೆಂದ ದೇಹ ರಾತ್ರಿ ತಣ್ಣಗಾದರೆ ಮಾರನೆಯ ದಿನಕ್ಕೆ ತಯಾರಾಗುತ್ತದೆ. ಪತ್ರಾಸ್ ಛಾವಣಿಯ ಕೋಣೆಯಲ್ಲಿ, ಕಿಟಕಿ ಇಲ್ಲದ ಕಡೆ, ಸಂಜೆ ಏಳಕ್ಕೆ ಕರೆಂಟ್ ಹೋಗಿ ನಡುರಾತ್ರಿ ಬಂದರೆ ದೇಹಕ್ಕೆ ಆ ಬಿಡುವೇ ಸಿಗುವುದಿಲ್ಲ. ಬೇಸಿಗೆಯಲ್ಲಿ ನಮ್ಮ ವಾರ್ಡಿಗೆ ಬರುತ್ತಿದ್ದ ಮುದುಕರಲ್ಲಿ ಎಷ್ಟೋ ಜನ ಹೊರಗೆ ಕಾಲಿಟ್ಟವರೇ ಅಲ್ಲ. ಮನೆಯಲ್ಲಿ ಮಲಗಿದ್ದಲ್ಲೇ ಸುಸ್ತಾಗಿ ಬಂದವರು. ಬಿಪಿಗೆ ನೀರು ಇಳಿಸುವ ಮಾತ್ರೆ ತಗೊಳ್ಳುವವರು, ಸಕ್ಕರೆ ಕಾಯಿಲೆಯವರು, ಮಾನಸಿಕ ಕಾಯಿಲೆಗೆ ಔಷಧಿ ತಗೊಳ್ಳುವವರು ಬೇಗ ಕುಸಿಯುತ್ತಾರೆ. ಅವರ ಮಾತ್ರೆಯ ಪ್ರಮಾಣ ಬೇಸಿಗೆಗೆ ಬದಲಿಸಬೇಕೇ ಅಂತ ವೈದ್ಯರು ನೋಡಬೇಕು. ಆ ತಪಾಸಣೆಗೆ ಮಾರ್ಚ್‌ನಲ್ಲೇ ವ್ಯವಸ್ಥೆ ಆಗಬೇಕು.

ಹೆಣ್ಣುಮಕ್ಕಳ ಕಷ್ಟ ಕೇಳುವವರೇ ಇಲ್ಲ. ಕೆಲಸದ ಜಾಗದಲ್ಲಿ ಶೌಚಾಲಯ ಇರುವುದಿಲ್ಲ. ಅದಕ್ಕೆ ಅವರು ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯುವುದಿಲ್ಲ. 43 ಡಿಗ್ರಿ ಬಿಸಿಲಲ್ಲಿ ಬೇಕಂತಲೇ ಬಾಯಾರಿಕೊಂಡು ಇರುತ್ತಾರೆ! ಉರಿಮೂತ್ರ, ಸೋಂಕು, ತಲೆಸುತ್ತು ಅಂತ ಬರುತ್ತಿದ್ದವರಿಗೆ ನಾವು ಮಾತ್ರೆ ಕೊಟ್ಟು ನೀರು ಕುಡೀರಿ ಅನ್ನುತ್ತಿದ್ದೆವು. ಅವರು ತಲೆ ಆಡಿಸಿ ಹೋಗುತ್ತಿದ್ದರು, ಮುಂದಿನ ತಿಂಗಳು ಮತ್ತೆ ಬರುತ್ತಿದ್ದರು. ಬಸುರಿಯರೂ ಕೊನೆಯ ತಿಂಗಳವರೆಗೆ ದುಡಿಯುತ್ತಾರೆ. ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯವರು ತಮಿಳುನಾಡಿನ 800 ಗರ್ಭಿಣಿಯರನ್ನು ಅಧ್ಯಯನ ಮಾಡಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಬಿಸಿಯಲ್ಲಿ ದುಡಿದವರಿಗೆ ಗರ್ಭಪಾತದ ಅಪಾಯ ಸುಮಾರು ಎರಡು ಪಟ್ಟು ಇತ್ತು. ತೊಗರಿ ಹೊಲದಲ್ಲಿ, ಭಟ್ಟಿಯಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳ ದೇಹ ಬೇರೆಯದೇನಲ್ಲ, ಅಲ್ವಾ?

ಮಾನ್ಯರೇ, ಏನೂ ಮಾಡಲಾಗದು ಅನ್ನುವ ಹಾಗಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ. ಅಕ್ಕಪಕ್ಕದವರು ಮಾಡಿ ತೋರಿಸಿದ್ದಾರೆ.

ಅಹಮದಾಬಾದಿನಲ್ಲಿ 2010ರ ಮೇ ತಿಂಗಳು 46.8 ಡಿಗ್ರಿ ಮುಟ್ಟಿತ್ತು. ಆ ಒಂದೇ ತಿಂಗಳು ಮಾಮೂಲಿಗಿಂತ 1,344 ಸಾವು ಹೆಚ್ಚಾಗಿದ್ದು ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು. ಅದರಿಂದ ಪಾಠ ಕಲಿತು 2013ರಲ್ಲಿ ದಕ್ಷಿಣ ಏಷ್ಯಾದಲ್ಲೇ ಮೊದಲ ಬಾರಿಗೆ ಒಂದು ನಗರ ಬಿಸಿಗಾಳಿಗೆ ಯೋಜನೆ ಮಾಡಿಕೊಂಡಿತು. ಎಷ್ಟು ಡಿಗ್ರಿಗೆ ಯಾವ ಬಣ್ಣದ ಎಚ್ಚರಿಕೆ, ಆ ದಿನ ಯಾವ ಅಧಿಕಾರಿ ಏನು ಮಾಡಬೇಕು, ಆಸ್ಪತ್ರೆಗಳು ಏನು ಸಿದ್ಧ ಇಟ್ಟುಕೊಳ್ಳಬೇಕು, ಎಲ್ಲವೂ ಮೊದಲೇ ಬರೆದಿಟ್ಟ ಯೋಜನೆ ಅದು. ಅದರಿಂದ ವರ್ಷಕ್ಕೆ ಸರಾಸರಿ 1,100ಕ್ಕೂ ಹೆಚ್ಚು ಸಾವು ತಪ್ಪಿದೆ ಅಂತ ಮುಂದೆ ನಡೆದ ಅಧ್ಯಯನ ಹೇಳಿತು. ಕೇರಳದ ಕಾರ್ಮಿಕ ಇಲಾಖೆ ಬೇಸಿಗೆಯಲ್ಲಿ ಬಯಲಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಡುವು ಕೊಡಲೇಬೇಕು ಅಂತ ಆದೇಶ ಮಾಡುತ್ತದೆ, ಸ್ಥಳಕ್ಕೆ ಹೋಗಿ ತಪಾಸಣೆಯನ್ನೂ ನಡೆಸುತ್ತದೆ. ನಮ್ಮ ಕರಾವಳಿಯ ಹುಡುಗರು ದುಡಿಯಲು ಹೋಗುವ ಕತಾರಿನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲು ಕೆಲಸ ನಿಷೇಧ. ಅಲ್ಲಿ ಅವರಿಗೆ ಸಿಗುವ ಬಿಡುವು ಸ್ವಂತ ರಾಜ್ಯದಲ್ಲಿ ಯಾಕೆ ಸಿಗಬಾರದು? ತಮಿಳುನಾಡು 2024ರ ಅಕ್ಟೋಬರ್‌ನಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತು ಅಂತ ಘೋಷಿಸಿತು, ಸತ್ತವರ ಮನೆಯವರಿಗೆ ₹4 ಲಕ್ಷ ಅಂತ ನಿಗದಿ ಮಾಡಿತು. ಬೀದರ್, ಕಲಬುರಗಿ, ರಾಯಚೂರಿಗೆ ಗಡಿ ಹಂಚಿಕೊಂಡ ತೆಲಂಗಾಣಕ್ಕೆ 2023ರಿಂದಲೇ ಛಾವಣಿ ತಂಪಾಗಿಡುವ ನೀತಿ ಇದೆ.

ಈಗ ನನ್ನ ಕೋರಿಕೆಗಳು. ಮೊದಲನೆಯದು ಎಲ್ಲಕ್ಕಿಂತ ಮುಖ್ಯ.

ಕಚೇರಿ ಸಮಯ ಬದಲಿಸುವ ಒಂಬತ್ತು ಜಿಲ್ಲೆಗಳಲ್ಲಿ, ಅದೇ ಎರಡು ತಿಂಗಳು, ಮಧ್ಯಾಹ್ನ 12ರಿಂದ 3.30ರವರೆಗೆ ಬಯಲು ಕೆಲಸ ನಿಲ್ಲಿಸುವ ಆದೇಶ ಹೊರಡಿಸಿ. ಬೆಳಿಗ್ಗೆ 6ಕ್ಕೆ ಶುರು ಮಾಡಲಿ, ಸಂಜೆ ಮತ್ತೆ ಮಾಡಲಿ. ದಿನಗೂಲಿಯಲ್ಲಿ ಒಂದು ರೂಪಾಯಿ ಕಡಿತ ಆಗಬಾರದು. ಬೇರೆ ಜಿಲ್ಲೆಗಳಲ್ಲಿ ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟ ದಿನಗಳಿಗೆ ಇದು ತಾನಾಗಿಯೇ ಅನ್ವಯ ಆಗಲಿ, ಕರಾವಳಿಗೆ ತೇವವನ್ನೂ ಲೆಕ್ಕಕ್ಕೆ ತಗೊಳ್ಳಲಿ. ಉದ್ಯೋಗ ಖಾತರಿ ಕೆಲಸದಲ್ಲಿ ಬೇಸಿಗೆಗೆ ಕೆಲಸದ ಪ್ರಮಾಣ ಇಳಿಸಿ ಪೂರ್ತಿ ಕೂಲಿ ಕೊಟ್ಟದ್ದು ನಮ್ಮ ರಾಜ್ಯವೇ. ಆ ದಾರಿ ಸರ್ಕಾರಕ್ಕೆ ಹೊಸದೇನಲ್ಲ. ಅದನ್ನು ಖಾಸಗಿ ಗುತ್ತಿಗೆ, ಗಣಿ, ಭಟ್ಟಿ, ಎಪಿಎಂಸಿಗೂ ತನ್ನಿ. ಪೌರಕಾರ್ಮಿಕರು ಮತ್ತು ಮನೆಮನೆಗೆ ಸಾಮಾನು ತಲುಪಿಸುವ ಹುಡುಗರನ್ನು ಮರೆಯಬೇಡಿ. ಅಂಥ ಗಿಗ್ ಕಾರ್ಮಿಕರಿಗೆಂದೇ 2025ರಲ್ಲಿ ಕಾಯ್ದೆ ಬಂದಿದೆ, ಅದರ ಅಡಿಯಲ್ಲಿ ಈ ಬಿಡುವನ್ನೂ ಸೇರಿಸಬಹುದು.

ಆದೇಶ ಮಾಡಿದರೆ ಕೆಲಸ ಹಿಂದೆ ಬೀಳುತ್ತದೆ ಅಂತ ಗುತ್ತಿಗೆದಾರರು ತಮ್ಮ ಹತ್ತಿರ ಬರುತ್ತಾರೆ. ಅವರಿಗೆ ಒಂದು ಮಾತು ಹೇಳಿ. ಬಿಸಿಗೆ ಭಾರತ 2030ರ ಹೊತ್ತಿಗೆ ಶೇ 5.8ರಷ್ಟು ಕೆಲಸದ ಸಮಯ ಕಳೆದುಕೊಳ್ಳಬಹುದು, ಅದು 3.4 ಕೋಟಿ ಪೂರ್ಣಾವಧಿ ಉದ್ಯೋಗಕ್ಕೆ ಸಮ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲೇ ಅಂದಾಜು ಮಾಡಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಸುಮ್ನೆ ಆಳುಗಳನ್ನು ನಿಲ್ಲಿಸಿದರೆ ಕೆಲಸ ಆಗುವುದಿಲ್ಲ. ಕೈ ಜಾರುತ್ತದೆ, ಅಪಘಾತ ಆಗುತ್ತದೆ.

ಸರ್ಕಾರಿ ಕಾಮಗಾರಿಯ ಪ್ರತಿ ಟೆಂಡರಿನಲ್ಲೂ ನೆರಳು, ತಣ್ಣೀರು, ಹೆಣ್ಣುಮಕ್ಕಳಿಗೆ ಶೌಚಾಲಯ ಕಡ್ಡಾಯ ಮಾಡಿ, ಇಲ್ಲದಿದ್ದರೆ ಬಿಲ್ ತಡೆಯಿರಿ. ಕಟ್ಟಡ ಕಾರ್ಮಿಕರ ಹೆಸರಲ್ಲಿ ಶೇ 1ರ ಸೆಸ್ ಸಂಗ್ರಹ ಆಗುತ್ತಿದೆ. ಆ ದುಡ್ಡು ಅವರ ಜೀವ ಉಳಿಸಲು ಖರ್ಚಾಗಲಿ.

ಆಸ್ಪತ್ರೆಗಳ ವಿಷಯ. ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯಲ್ಲಿ 2024ರಲ್ಲಿ ಹೀಟ್ ಸ್ಟ್ರೋಕ್ ರೋಗಿಗಳಿಗೆಂದೇ ತಣ್ಣೀರಿನ ತೊಟ್ಟಿ, ಐಸ್ ಯಂತ್ರ ಇಟ್ಟ ಘಟಕ ಮಾಡಿದರು. ಅಷ್ಟು ದೊಡ್ಡದು ಪ್ರತಿ ಊರಿಗೂ ಬೇಕಿಲ್ಲ. ಒಂದು ಗಟ್ಟಿ ತಾಡಪತ್ರಿ, ಅದರಲ್ಲಿ ರೋಗಿಯನ್ನು ಮಲಗಿಸಿ ನಾಲ್ಕೂ ಕಡೆ ಎತ್ತಿ ಹಿಡಿದರೆ ಅದೇ ತೊಟ್ಟಿ. ಐಸ್ ಮತ್ತು ನೀರು ಸುರಿದು ಅಲುಗಾಡಿಸುತ್ತಿದ್ದರೆ ಮೈಬಿಸಿ ಬೇಗ ಇಳಿಯುತ್ತದೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಒಂದು ತಾಡಪತ್ರಿ, ಐಸಿಗೆ ಒಂದು ಫ್ರೀಜರ್, ಗುದದ್ವಾರದಲ್ಲಿ ಇಟ್ಟು 44ರವರೆಗೆ ಅಳೆಯುವ ಥರ್ಮಾಮೀಟರ್, ಬೇಕಾದಷ್ಟು ಓಆರ್‌ಎಸ್ ಮತ್ತು ಸಲೈನ್, ಕರೆಂಟ್ ಹೋದರೆ ಇನ್ವರ್ಟರ್. 108 ಆಂಬುಲೆನ್ಸಿನಲ್ಲೂ ಐಸ್ ಪೆಟ್ಟಿಗೆ ಇರಲಿ. ಮೊದಲು ತಂಪು ಮಾಡಿ, ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸಿ ಅನ್ನುವ ತರಬೇತಿ ನರ್ಸ್‌ಗಳಿಗೆ, ಆಶಾ ಕಾರ್ಯಕರ್ತೆಯರಿಗೆ, ಆಂಬುಲೆನ್ಸ್ ಸಿಬ್ಬಂದಿಗೆ, ಗಣಿಯ ಮೇಸ್ತ್ರಿಗಳಿಗೂ ಕೊಡಿ. ಮಾತು ತೊದಲಿದರೆ ಕುಡಿದಿದ್ದಾನೆ ಅಂದುಕೊಂಡು ಬಿಟ್ಟು ಹೋಗಬಾರದು ಅನ್ನುವುದು ಆ ಗಣಿಯವರಿಗೆ ಅಂದು ಗೊತ್ತಿದ್ದಿದ್ದರೆ ಒಂದು ಮನೆ ಉಳಿಯುತ್ತಿತ್ತು.

ಸಾವುಗಳನ್ನು ಎಣಿಸಿ. ಇದಕ್ಕೆ ಹೊಸ ದುಡ್ಡು ಹೆಚ್ಚೇನೂ ಬೇಕಿಲ್ಲ. ಜನನ ಮರಣ ನೋಂದಣಿ ಇ-ಜನ್ಮ ಅನ್ನುವ ಸರ್ಕಾರಿ ತಂತ್ರಾಂಶದಲ್ಲಿ ಇದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಮಾಪಕಗಳು ಹೋಬಳಿ ಮಟ್ಟದಲ್ಲಿವೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು, ಬಿಸಿ ಏರಿದ ವಾರ ಪ್ರತಿ ತಾಲ್ಲೂಕಿನಲ್ಲಿ ಮಾಮೂಲಿಗಿಂತ ಎಷ್ಟು ಜನ ಹೆಚ್ಚು ಸತ್ತರು ಅಂತ ನೋಡಿದರೆ ಸಾಕು. ಫ್ರಾನ್ಸಿನಲ್ಲಿ 2003ರ ಬಿಸಿಗಾಳಿಗೆ ಸುಮಾರು 15,000 ಜನ ಸತ್ತದ್ದು ಹೊರಬಂದದ್ದು ಹೀಗೇ ಎಣಿಸಿದ್ದರಿಂದ. ಎಣಿಸಿದ ಮೇಲೆ ಅವರಿಗೆ ಸುಮ್ಮನಿರಲು ಆಗಲಿಲ್ಲ, ದೇಶಕ್ಕೇ ಒಂದು ಯೋಜನೆ ಮಾಡಿದರು. ನಮ್ಮಲ್ಲೂ ಪ್ರತಿ ಜುಲೈನಲ್ಲಿ ಜಿಲ್ಲಾವಾರು ಅಂಕಿ ಪ್ರಕಟಿಸಿ. ಬಿಸಿಲಲ್ಲಿ ದುಡಿಯುತ್ತಿದ್ದವರು ಕುಸಿದು ಸತ್ತರೆ, ಬಿಸಿಲೇ ಕಾರಣವೇ ಅಂತ ವೈದ್ಯರು ಪರೀಕ್ಷಿಸಿ ಬರೆಯುವ ಪದ್ಧತಿ ಬರಲಿ. ಮನೆಯವರಿಗೆ ತಮಿಳುನಾಡಿನ ಹಾಗೆ ಪರಿಹಾರ ಸಿಗಲಿ. ಗುಳೆ ಹೋದ ಊರಲ್ಲಿ ಸತ್ತವರಿಗೂ ಇದು ಅನ್ವಯ ಆಗಬೇಕು.

ಕೊನೆಯದು ಛಾವಣಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ ₹5,000 ಕೋಟಿ ಇಟ್ಟಿದ್ದೀರಿ. ಅದರಲ್ಲಿ ಒಂದು ಸಣ್ಣ ಪಾಲು ಪತ್ರಾಸ್ ಮನೆಗಳ, ಅಂಗನವಾಡಿಗಳ ಛಾವಣಿಗೆ ಬಿಳಿ ಬಣ್ಣ ಬಳಿಯಲು ಹೋಗಲಿ. ಬಿಳಿ ಛಾವಣಿ ಒಳಗಿನ ಬಿಸಿಯನ್ನು ಎರಡು ಮೂರು ಡಿಗ್ರಿ ಇಳಿಸಬಲ್ಲದು. ಒಂದು ಕೂಸಿಗೆ, ಒಬ್ಬ ಬಾಣಂತಿಗೆ ಅಷ್ಟು ಇಳಿದರೂ ದೊಡ್ಡದು. ಬೇಸಿಗೆಯ ಎರಡು ತಿಂಗಳು ರಾತ್ರಿ ಹೊತ್ತು ಬಡವರ ಬಡಾವಣೆಗಳ ಕರೆಂಟ್ ತೆಗೆಯಬೇಡಿ ಅಂತ ವಿದ್ಯುತ್ ಕಂಪನಿಗಳಿಗೆ ಸೂಚಿಸಿ.

ಏಪ್ರಿಲ್‌ನಲ್ಲಿ ಹೊರಟ ಆದೇಶ ಗಣಿಗೆ, ಭಟ್ಟಿಗೆ ತಲುಪುವ ಹೊತ್ತಿಗೆ ಮಳೆಗಾಲ ಬಂದಿರುತ್ತದೆ. ಹಾಗಾಗಿ ಫೆಬ್ರುವರಿ ಮುಗಿಯುವುದರೊಳಗೆ ಆದೇಶ ಆಗಬೇಕು, ಮಾರ್ಚ್ ತರಬೇತಿಗೆ ಉಳಿಯಬೇಕು. ಅದಕ್ಕೆ ಮೊದಲು ಕಲಬುರಗಿಯಲ್ಲಿ ಒಂದು ಸಭೆ ಕರೆಯಿರಿ. ಅಧಿಕಾರಿಗಳು, ಗುತ್ತಿಗೆದಾರರ ಜೊತೆಗೆ ಹಮಾಲರು, ಗಣಿ ಕಾರ್ಮಿಕರು, ಪೌರಕಾರ್ಮಿಕರು, ಆಶಾ ಕಾರ್ಯಕರ್ತೆಯರು, ತಾಲ್ಲೂಕು ಆಸ್ಪತ್ರೆಯ ನರ್ಸ್‌ಗಳು ಅಲ್ಲಿ ಇರಲಿ. ತರಬೇತಿ ಕೊಡಲು ನನ್ನಂಥ ನಿವೃತ್ತ ನರ್ಸ್‌ಗಳು ಬೇಕಿದ್ದರೆ ಕರೆಯಿರಿ. ಸಂಬಳ ಬೇಡ, ಬರುತ್ತೇವೆ. ಈ ಪತ್ರಕ್ಕೆ ತಮ್ಮಿಂದ ಲಿಖಿತ ಉತ್ತರ ಕೋರುತ್ತೇನೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್,
ಕಲಬುರಗಿ